ಶೀತದ ಮಗಳು

"ಒಂದೇ ಅಚ್ಚಿನ ಅವಳಿಗಳು ನೀವು. ವಂಶವಾಹಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇರಲಾರದು. ದೇಹಪ್ರಕೃತಿನೂ ಒಂದೇನಾ ಅಂತ ಹಕೀಮರು ನಾಡಿ ಹಿಡಿದು ಹೇಳ್ತಾರೆ." ಡಾಕ್ಟರಮ್ಮ ಫರಂಗೀಸಳ ತೋಳಿನಿಂದ ಸೂಜಿ ತೆಗೆದು ಹತ್ತಿ ಒತ್ತಿದಳು. ಯಜ್ದ್ ಊರಿನ ಆ ಹಳೆಯ ಔಷಧಶಾಲೆಗೆ ಅಕ್ಕತಂಗಿಯರನ್ನು ಕರೆಸಿದ್ದು ಅದಕ್ಕೇ.

"ಅದನ್ನ ಹೇಳೋಕೆ ಹಕೀಮರು ಬೇಕೇನಮ್ಮ?" ಬಾಗಿಲ ಬಳಿ ಕೂತಿದ್ದ ಮುದಿತಾಯಿ ನಕ್ಕಳು. "ಫರಂಗೀಸ್ ಹುಟ್ಟುತ್ಲೇ ಕೆಂಡ. ಮಹ್ವಶ್ ಮಂಜುಗಡ್ಡೆ. ಹೆತ್ತೋಳಿಗೆ ಗೊತ್ತಿಲ್ವೇ?"

ನಲವತ್ತು ದಾಟಿದ್ದರೂ ಫರಂಗೀಸಳಿಗೆ ಆ ಮಾತು ಕೇಳಿದರೆ ಹೊಟ್ಟೆಯಲ್ಲಿ ಕಿಚ್ಚು. ಶೀತದ ಮಗಳೆಂದು ಮಹ್ವಶ್‌ಗೆ ಖರ್ಜೂರ, ಅಕ್ರೋಟು, ಕೇಸರಿಯ ಕಲ್ಲುಸಕ್ಕರೆ ಕದಡಿದ ಬಿಸಿನೀರು. ಉಷ್ಣದವಳೆಂದು ಇವಳಿಗೆ ಸೌತೆಕಾಯಿ, ಮಜ್ಜಿಗೆ. ತಿನ್ನುವುದು ಹಾಳಾಗಲಿ. ಚಳಿಗಾಲದಲ್ಲಿ ಅಮ್ಮನ ರಜಾಯಿಯೊಳಗೆ ಮಹ್ವಶ್ ಮಾತ್ರ. "ನೀನು ಪಕ್ಕ ಮಲಗಿದ್ರೆ ಒಲೆ ತಬ್ಕೊಂಡ ಹಾಗಾಗುತ್ತೆ, ಆಚೆ ಸರಿ" ಎಂದು ಅಮ್ಮ ಇವಳನ್ನು ಗೋಡೆಯತ್ತ ಅಟ್ಟುತ್ತಿದ್ದಳು.

ರಕ್ತ ಕೊಡಲು ಮಹ್ವಶ್ ಒಳಗೆ ಬಂದಳು, ಮೈತುಂಬ ಅಮ್ಮನ ಉಣ್ಣೆ ಶಾಲು.

"ನಂಗೂ ಚಳಿ ಆಗುತ್ತೆ ಕಣೆ," ಎಂದಳು ಫರಂಗೀಸ್.

"ನಿಂಗಾ? ನಿನ್ನ ಮೈಮೇಲೆ ರೊಟ್ಟಿ ಸುಡಬಹುದು," ಎನ್ನುತ್ತ ಮಹ್ವಶ್ ತೋಳು ಚಾಚಿದಳು.

ಫರಂಗೀಸ್ ಎದ್ದಳು. ಅಮ್ಮನ ಕೈಹಿಡಿದು ಅಂಗಳಕ್ಕೆ ಕರೆತಂದು ಬಿಸಿಲಿನ ಬೆಂಚಿನ ಮೇಲೆ ಕೂರಿಸಿದಳು. ಪೊರೆ ಬಂದು ಅಮ್ಮನ ಕಣ್ಣು ಮಬ್ಬಾಗಿ ವರ್ಷಗಳೇ ಆಗಿದ್ದವು. "ನೀ ಹಕೀಮರ ಹತ್ರ ಹೋಗು. ಮಹ್ವಶ್ ಬಂದು ಇಲ್ಲಿ ಕೂರ್ಲಿ," ಎಂದಳು ಅಮ್ಮ.

ಅಂಗಳದ ನಡುವಿನ ಕೊಳದ ಅಂಚಿನಲ್ಲಿ ಮಂಜುಗಡ್ಡೆ ಕಟ್ಟಿತ್ತು. ಫರಂಗೀಸ್ ಅದನ್ನು ಒಡೆದು ಎರಡೂ ಕೈಗಳನ್ನು ಮೊಣಕೈವರೆಗೆ ಮುಳುಗಿಸಿದಳು. ಹಕೀಮರ ಬಾಯಲ್ಲಿ ಒಂದೇ ಒಂದು ಸಲ 'ಶೀತ' ಎಂದು ಬರಲಿ. ಅಮ್ಮ ಅದನ್ನು ಕಿವಿಯಾರೆ ಕೇಳಲಿ. ಬೆರಳು ನೀಲಿಗಟ್ಟಿ ಮರಗಟ್ಟುವವರೆಗೂ ಹಾಗೇ ಕೂತಿದ್ದಳು. ಆಮೇಲೆ ಕೈಯೊರೆಸಿಕೊಂಡು, ಅಮ್ಮನನ್ನೂ ಒಳಗೆ ಕರೆದೊಯ್ಯಲು ಬೆಂಚಿನ ಬಳಿ ಬಂದಳು.

ಹೆಜ್ಜೆಸಪ್ಪಳಕ್ಕೆ ಅಮ್ಮ ತಡಕಾಡಿ ಅವಳ ಕೈ ಹಿಡಿದವಳೇ ಬೆಚ್ಚಿದಳು. "ಅಯ್ಯೋ ಮಹ್ವಶ್, ಹೆಣದ ಹಾಗೆ ತಣ್ಣಗಾಗಿದೀಯಲ್ಲೇ ಕಂದಾ." ಆ ಕೈಯನ್ನು ತಾನು ಹೊದ್ದಿದ್ದ ಚಾದರದೊಳಗೆ ಸೆಳೆದು ಎದೆಗೆ ಅವಚಿಕೊಂಡಳು. ಬಗ್ಗಿ ಬಾಯಿಂದ ಬಿಸಿಯುಸಿರು ಊದಿದಳು. ಆಮೇಲೆ ದನಿ ತಗ್ಗಿಸಿ, "ಫರಂಗೀಸ್ ಬರೋದ್ರೊಳಗೆ ಬೆಚ್ಚಗೆ ಮಾಡ್ಕೊ. ನೋಡಿದ್ರೆ ಪಾಪ, ಅದಕ್ಕೆ ಹೊಟ್ಟೆ ಉರಿಯುತ್ತೆ," ಎಂದಳು.

ಒಳಗಿನಿಂದ ಹಕೀಮರ ಕೂಗು ಕೇಳಿಸಿತು: "ಫರಂಗೀಸ್ ಖಾನುಮ್, ನಿಮ್ಮ ಸರದಿ."

ಅವಳು ಓಗೊಡಲಿಲ್ಲ. ಬೆಂಚಿನ ಪಕ್ಕ ಮೆಲ್ಲಗೆ ಮಂಡಿಯೂರಿ, ಇನ್ನೊಂದು ಕೈಯನ್ನೂ ಅಮ್ಮನ ಚಾದರದೊಳಗೆ ಇಟ್ಟಳು.