ದೋಣಿಯ ಅಂಚು

“ಇಷ್ಟು ಉಪ್ಪು ಎಲ್ಲಿಟ್ಟಿದ್ಯೋ ಮಾಲಕಾ?”

ಕೇಳಿದ್ದು ಮೇಲಿರುವ ಮಾಲಕನನ್ನು, ಇಲ್ಲಿಯ ಯಾರನ್ನೂ ಅಲ್ಲ. ಗೌಸಮೊದ್ದೀನ ದೋಣಿಯ ಅಂಚಿನಿಂದ ಉದುರಿದ ಬಿಳಿ ಪುಡಿಯನ್ನು ಬೆರಳಿಗೆ ಹತ್ತಿಸಿಕೊಂಡು ನಾಲಿಗೆಗೆ ಮುಟ್ಟಿಸಿದ್ದ. ತಲೆ ನರೆತರೂ ಸಮುದ್ರ ನೋಡಿದವನಲ್ಲ. ಈಗ ಅದು ತಾನೇ ಹುಬ್ಬಳ್ಳಿಗೆ ಬಂದು, ಐಸಾಕನ ಕಾರಖಾನೆಯ ಛಪ್ಪರದ ಕೆಳಗೆ ನಾಲಿಗೆಗೆ ಸಿಕ್ಕಿತ್ತು. ಯುದ್ಧದಲ್ಲಿ ಯಾವುದೋ ಹಡಗು ಮುಳುಗಿ, ಅದರಲ್ಲಿದ್ದ ಜೀವ ಉಳಿಸುವ ಸಣ್ಣ ದೋಣಿ ಖಾಲಿಯಾಗಿ ಕಾರವಾರದ ದಂಡೆಗೆ ಬಂದು ಬಿದ್ದಿತ್ತಂತೆ. ಲಾರಿಯ ಮೇಲೆ ಘಟ್ಟ ಹತ್ತಿ ಬಂದಿತ್ತು. ತಿಕ್ಕಿ, ನುಣುಪು ಮಾಡಿ, ಬಣ್ಣ ಹಚ್ಚಿ ಕಳಿಸಿದರೆ ಮತ್ತೊಂದು ಹಡಗು ಏರುವುದು.

“ಕಾಕಾ, ಯುದ್ಧ ನೋಡಿದ್ರ ಜರ್ಮನ್ನರ ಮ್ಯಾಲೆ. ನಮ್ಮ ಕೈಲೆ ತಿಕ್ಕಸೂದೂ ಜರ್ಮನ್ನಽ,” ಎಂದು ಬಣ್ಣ ಕಲಸುತ್ತಿದ್ದ ಮಡಿವಾಳಪ್ಪ ನಕ್ಕ. ಅಲ್ಯೂಮಿನಿಯಮ್ಮಿಗೆ ಆ ಕಡೆ ಜರ್ಮನ್ ಎಂದೇ ಹೆಸರು.

“ಅದರ ಹೆಸರು ತಗೀಬ್ಯಾಡೋ ಮಾರಾಯಾ. ನನ್ನ ಅನ್ನಾ ತಿಂದದ್ದು ಅದಽ.”

ಮಾತು ಖರೆ. ದುರ್ಗದಬೈಲಿನಲ್ಲಿ ಗೌಸಮೊದ್ದೀನನ ಕಲಾಯಿ ಒಲೆ ಇತ್ತು. ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ತವರ ಬಳಿದು ಬೆಳಗುತ್ತಿದ್ದ. ಕಲಾಯಿಯೇ ಬೇಡದ ಜರ್ಮನ್ ಪಾತ್ರೆ ಅಂಗಡಿಗೆ ಬಂದದ್ದೇ ತಡ, ಒಲೆ ಆರುತ್ತ ಬಂತು. ಕಡೆಗೆ ಹೆಂಡತಿ ಗುಲ್ಜಾರಬಿಯೇ ಸೆರಗಿನಲ್ಲಿ ಮುಚ್ಚಿಕೊಂಡು ಒಂದು ಜರ್ಮನ್ ಬೋಗುಣಿ ತಂದಳು. ಆ ದಿನ ಅವನು ಒಲೆಯನ್ನು ಪೂರಾ ಕಿತ್ತುಹಾಕಿದ. ಈಗ ಐಸಾಕ ಮಾತು ಕೊಟ್ಟಿದ್ದ: ಈ ದೋಣಿ ಪಾಸಾಗಲಿ, ಕಾರಖಾನೆಯಲ್ಲಿ ಕಾಯಂ ನೌಕರಿ.

ಮೊದಲು ತಾಮ್ರಕ್ಕೆ ಮಾಡುವಂತೆಯೇ ಒಂದು ಮೂಲೆಗೆ ಸೋಡಾಖಾರ ಹಾಕಿ ತಿಕ್ಕಿದ್ದ. ಲೋಹ ಬುಸುಗುಟ್ಟಿ, ನೊರೆಯೆದ್ದು, ಕಪ್ಪಾಗಿ ಹೋಯಿತು. ಕೊಡಗಟ್ಟಲೆ ನೀರು ಸುರಿದು ತೊಳೆದ. ಆಮೇಲೆ ನೆನಪಾದದ್ದು ಹುಣಸೆಹುಳಿ. ಮೊಹರಮ್ಮಿಗೆ ಕೂಡಿಸುವ ಪಂಜೆಯನ್ನು, ಆ ಐದು ಬೆರಳಿನ ಬೆಳ್ಳಿಯ ಹಸ್ತವನ್ನು, ಅಜ್ಜನ ಕಾಲದಿಂದ ಅವನ ಮನೆಯವರೇ ಬೆಳಗುತ್ತಿದ್ದರು. ಅದಕ್ಕೊಂದು ಕಟ್ಟಳೆ ಇತ್ತು. ಹುಳಿ, ಅರಿವೆ, ಅಂಗೈ, ಅಷ್ಟೇ. ಊರವರ ಕೈ ತಾಗಿ ತಾಗಿ ಸವೆದ ಬೆರಳು ಸವೆದ ಹಾಗೇ ಇರಬೇಕು. ಅರ ಹಿಡಿದು ಉಜ್ಜಿ ಸಮ ಮಾಡುವಂತಿಲ್ಲ. ತಿಕ್ಕುವಾಗ ಬಾಯಲ್ಲಿ ಕರ್ಬಲಾದ ಹಾಡು ಇರಬೇಕು, ಹೊಳೆಯ ದಂಡೆಯಲ್ಲೇ ನೀರಿಲ್ಲದೆ ಜೀವ ಬಿಟ್ಟವರ ಹಾಡು.

ಹುಳಿನೀರಿನ ಅರಿವೆ ಅಂಚಿನ ಮೇಲೆ ಹರಿದಾಡತೊಡಗಿದ್ದೇ ಹಾಡು ತಾನಾಗಿ ಬಂತು. ಮೊಹರಮ್ಮಿನ ಮೇಳದಲ್ಲಿ ವರ್ಷವೂ ಸೊಲ್ಲು ಹಿಡಿಯುವ ಮಡಿವಾಳಪ್ಪ ಆಚೆಯಿಂದ ದನಿ ಕೂಡಿಸಿದ. ಬಿಳಿ ಹೊಪ್ಪಳೆ ಎದ್ದು, ಒಳಗಿನಿಂದ ಬೆಳಗಿನ ಜಾವದ ಆಕಾಶದಂಥ ಲೋಹ ಕಣ್ಣು ಬಿಟ್ಟಿತು. ಇಷ್ಟು ಚೆಲುವಿನದನ್ನು ಇಷ್ಟು ದಿನ ಬೈದೆನಲ್ಲಾ ಎಂದುಕೊಂಡ ಗೌಸಮೊದ್ದೀನ.

ಸೊಲ್ಲಿನ ನಡುವೆಯೇ ಹಾಡು ನಿಂತಿತು.

ಅಂಚಿನ ಒಳಮೈಗೆ ಸಾಲಾಗಿ ನಾಲ್ಕು ಕುಳಿ. ಹೊರಮೈಗೆ ಒಂದೇ ಒಂದು, ಅಗಲವಾದದ್ದು.

“ಯಾಕ ಗೌಸಕಾಕಾ, ಹಾಡು ಮರ್ತಿರೇನು?” ಎನ್ನುತ್ತ ಐಸಾಕ ಬಂದ.

“ಇಲ್ಲೆ ನಿಮ್ಮ ಕೈ ಇಡ್ರಿ ಸಾಹೇಬ್ರ.”

ಐಸಾಕ ನಗುತ್ತಲೇ ಅಂಚನ್ನು ಹಿಡಿದ. ನಾಲ್ಕು ಬೆರಳು ಒಳಗಿನ ನಾಲ್ಕು ಕುಳಿಗಳಲ್ಲಿ ಕೂತವು. ಹೆಬ್ಬೆರಳು ಹೊರಗಿನದರಲ್ಲಿ. ನಗು ಹೋಯಿತು.

“ಹಿಡದು ಹಿಡದು ಬಣ್ಣಾ ಹೋಗೇತ್ರಿ,” ಗೌಸಮೊದ್ದೀನನ ದನಿ ಮಸೀದಿಯಲ್ಲಿ ಮಾತಾಡುವಷ್ಟು ಸಣ್ಣದಾಗಿತ್ತು. “ಬಣ್ಣಾ ಹ್ವಾದಲ್ಲೆ ಉಪ್ಪು ತಿಂದೇತಿ.”

“ಪಾಪ, ಒಳಗ ಕುಂತಾಂವ ಯಾವನೋ ಅಂಜಿ ಹಿಡದಿರಬೇಕು.”

“ಒಳಗ ಕುಂತಾಂವ ಹಿಡದ್ರ ಬೆರಳು ಹೊರಗ ಬರತಾವರಿ. ನೀವು ಎಲ್ಲೆ ನಿಂತೀರಿ, ನೋಡ್ರಿ.”

ಐಸಾಕ ಕಾಲ ಕಡೆ ನೋಡಿಕೊಂಡ. ಅವನು ದೋಣಿಯ ಹೊರಗೆ, ಸಮುದ್ರದಲ್ಲಾದರೆ ನೀರು ಇರುವ ಕಡೆ, ನಿಂತಿದ್ದ. ಛಪ್ಪರದ ಒಣ ಮಣ್ಣು ಪಾದದ ಅಡಿಯಿಂದ ಜಾರಿದಂತಾಯಿತು. ಅಂಚನ್ನು ಮತ್ತಷ್ಟು ಬಿಗಿಯಾಗಿ ಹಿಡಿದ. ಮಡಿವಾಳಪ್ಪ ಬಣ್ಣದ ಡಬ್ಬಿ ಕೆಳಗಿಟ್ಟು, ಯಾರೂ ಹೇಳದೆಯೇ ಚಪ್ಪಲಿ ಕಳಚಿದ.

ಐಸಾಕ ಕಣ್ಣು ಮುಚ್ಚಿ ತುಟಿ ಆಡಿಸಿದ. ಆಮೇಲೆ ಹೇಳಿದ: “ನಾಳೆ ದೋಣಿ ತಪಾಸ ಮಾಡಾಕ ಅಧಿಕಾರಿ ಬರ್ತಾರ ಕಾಕಾ. ಅಂಚಿನ ತುಂಬ ಬೆರಳಾಡಿಸಿ ನೋಡೂ ಮನಶಾ. ಒಂದು ಕುಳಿ ಹತ್ತಿದ್ರೂ ದೋಣಿ ಪಾಸ್ ಮಾಡಾಂಗಿಲ್ಲ. ಇದಽ ಹ್ವಾದ್ರ ನಿಮಗ ನೌಕರಿ ನಾ ಎಲ್ಲಿಂದ ಕೊಡ್ಲಿ? ಅರ ಹಚ್ಚಿ ಸಪಾಟ ಮಾಡಿಬಿಡ್ರಿ. ಕೈ ಮುಗೀತೇನಿ.”

ಅರ ಅಲ್ಲೇ, ಕೈಗೆ ಎಟುಕುವಲ್ಲೇ ಬಿದ್ದಿತ್ತು. ಗೌಸಮೊದ್ದೀನ ಅದರ ಕಡೆ ನೋಡಿದ. ಗುಲ್ಜಾರಬಿ ಸೆರಗಿನಲ್ಲಿ ಮುಚ್ಚಿ ತಂದ ಬೋಗುಣಿ ಕಣ್ಣ ಮುಂದೆ ಬಂತು. ಹುಳಿಯ ಅರಿವೆಯನ್ನು ಹಿಂಡಿ, ಹೆಬ್ಬೆರಳಿನ ಕುಳಿಯನ್ನು ಇನ್ನೊಮ್ಮೆ ಒರೆಸಿದ.

“ಅಂವಾ ಇನ್ನೂ ಕೈ ಬಿಟ್ಟಿಲ್ರಿ ಸಾಹೇಬ್ರ,” ಅಂದ. “ನಾ ಬಿಡಸೂದಿಲ್ಲ.”