ಮುಟ್ಟಿ ನೋಡುವ ದಿನ

ಕಲಾ ಸಂಗ್ರಹಾಲಯದ ಬಾಗಿಲಲ್ಲಿ ಕೂತು ಮುಂದಿನ ವರ್ಷದ ಕಾರ್ಯಕ್ರಮಗಳ ಹಾಳೆ ಹಂಚುತ್ತಿದ್ದ ತಾರಿಣಿಗೆ ಆ ಹೆಂಗಸು ಬರುವುದು ಕಂಡರೇ ಸಿಡುಕು. ವಾರ ತಪ್ಪದೆ ಬಂದು ಅದೇ ಕಂಚಿನ ತಲೆಯ ಮುಂದೆ ನಿಲ್ಲುವಳು. ಕಾವಲಿನವನು ಅತ್ತ ತಿರುಗಿದರೆ ಸಾಕು, ಅದರ ಕೆನ್ನೆಗೆ ಕೈ ಚಾಚುವಳು. ಬೈಸಿಕೊಂಡು ಹೋಗುವಳು, ಮತ್ತೆ ಬರುವಳು.

"ಜನವರಿಗೆ ಹಳೇ ಮೈಸೂರಿನ ಚಿತ್ರಗಳಿವೆ ಅಮ್ಮಾ, ಯುಗಾದಿ ಹೊತ್ತಿಗೆ ತೊಗಲುಗೊಂಬೆ ಆಟ," ಎಂದು ತಾರಿಣಿ ಹಾಳೆ ಕೊಟ್ಟಳು.

ಹೆಂಗಸು ಕೆಳಗಿನ ಸಾಲಿನ ಮೇಲೆ ಬೆರಳಿಟ್ಟಳು. "ಜುಲೈನಲ್ಲಿ ಒಂದಿನ ಶಿಲ್ಪಗಳನ್ನ ಮುಟ್ಟಿ ನೋಡಬಹುದು ಅಂತಿದೆಯಲ್ಲ, ಅದಕ್ಕೆ ನನ್ನ ಹೆಸರು ಬರ್ಕೊಳ್ಳಮ್ಮ."

"ಅದು ಕಣ್ಣು ಕಾಣದೋರಿಗೆ ಮಾತ್ರ."

"ಅವತ್ತು ನಾನೂ ಕಣ್ಣು ಮುಚ್ಕೊಂಡೇ ಬರ್ತೀನಿ."

ತಾರಿಣಿಗೆ ರೇಗಿಹೋಯಿತು. "ಆ ಕಂಚಿನ ತಲೇಲಿ ಅಂಥದ್ದೇನಿದೆ ಅಂತ ಹೀಗೆ ಹಟ ಹಿಡೀತೀರಮ್ಮಾ? ಯಾರೋ ಕಾಲೇಜು ಹುಡುಗಿ ತನ್ನ ಮುಖಕ್ಕೇ ಅಚ್ಚು ತೆಗೆದು ಎರಕ ಹೊಯ್ದಿರೋದು ಅದು. ಮುಟ್ಟಬೇಡಿ ಅಂತ ಎಷ್ಟು ಸಲ ಹೇಳಿದ್ರೂ ನಿಮಗೆ ಮಾತೇ ಕೇಳಿಸಲ್ವಲ್ಲ!"

ಹೆಂಗಸು ಹಾಳೆಯನ್ನು ನಿಧಾನವಾಗಿ ಮಡಚಿದಳು.

"ಆ ಹುಡುಗಿ ನನ್ನ ಮಗಳು ಕಣಮ್ಮ. ಕರೋನಾದಲ್ಲಿ ಹೋದ್ಳು. ಪ್ಲಾಸ್ಟಿಕ್ಕಲ್ಲಿ ಸುತ್ತಿ ತಂದೋರೂ ಮುಟ್ಟಬೇಡಿ ಅಂತಾನೇ ಅಂದ್ರು. ಅವತ್ತು ಮಾತು ಕೇಳ್ಬಿಟ್ಟೆ."