ಹತ್ತನೆಯ ಬಾಯಿ

ಒಂದಾನೊಂದು ಶೆಡ್ಡಿನಲ್ಲಿ ಹತ್ತು ಬಾಯಿಯ ಕಬ್ಬಿಣದ ರಾಕ್ಷಸನೊಬ್ಬನಿದ್ದನಂತೆ. ಬಾಯಿಗಳನ್ನೆಲ್ಲ ಒಣಗಿಸಿ ಬೀಗ ಹಾಕಿದರೆ ಹೇಳಿದ ಕೆಲಸ ಮಾಡಿಕೊಂಡು ಬಿದ್ದಿರುತ್ತಿದ್ದನಂತೆ. ಒಂದೇ ಒಂದು ಬಾಯಲ್ಲಿ ಗುಟುಕು ಎಣ್ಣೆ ಉಳಿಯಿತೋ, ಎದೆಯೊಡೆದುಕೊಳ್ಳುತ್ತಿದ್ದನಂತೆ.

ಮದುವೆಯಾದ ಹೊಸದರಲ್ಲಿ ಗಂಡ ಅವಳಿಗೆ ಇಂಜಿನ್ ಕೆಲಸ ಕಲಿಸಿದ್ದು ಹೀಗೆ, ಕಥೆ ಹೇಳಿ. ಈಗ ಗಂಡನಿಲ್ಲ. ಹೋದ ವರ್ಷದ ದೋಣಿ ಪಂದ್ಯದಲ್ಲಿ, ಸರೋವರದ ಬಂಡೆ ತಿರುವಿನಲ್ಲಿ, ಅವನ ದೋಣಿ ಮಗುಚಿತು. ಅಂದು ಓಡಿಸಬೇಕಾಗಿದ್ದವನು ಅವನ ತಮ್ಮ. ಜ್ವರ ಎಂದು ಮಲಗಿದ್ದ. ಹೆಣ ಮನೆಗೆ ಬಂದಾಗ ಎದ್ದು ಬಂದ. ಜ್ವರ ನಿಜವೇ ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ಆ ಮೌನವೇ ನೆರೆಯವರಿಗೆ ಭಯ ಹುಟ್ಟಿಸಿತ್ತು.

ನಾಳೆ ಮತ್ತೆ ಪಂದ್ಯ. ಅದೇ ದೋಣಿ. ನೀರಿನಿಂದೆತ್ತಿ ಬಿಚ್ಚಿಟ್ಟ ಅದೇ ಇಂಜಿನ್. ಈ ಸಲ ಓಡಿಸುವವನು ಮೈದುನ.

ದೋಣಿಯವರಲ್ಲೊಂದು ಕಟ್ಟಳೆ. ಇಂಜಿನ್ ಬ್ಲಾಕಿನ ಹತ್ತು ಬೋಲ್ಟಿನ ತೂತುಗಳನ್ನು ದಡದಲ್ಲಿ ಉಳಿಯುವವರು ಸ್ವಚ್ಛ ಮಾಡಬೇಕು. ಬೋಲ್ಟು ಬಿಗಿಯುವುದು ನೀರಿಗಿಳಿಯುವವನು. ಸ್ವಚ್ಛ ಮಾಡಿದ್ದನ್ನು ಅವನು ಬಗ್ಗಿ ನೋಡಿದರೆ ಅದು ಅವಮಾನ.

ಅವಳು ತೂತಿನೊಳಗಿನ ಥ್ರೆಡ್ ಬಿಡಿಸುವ ಉಕ್ಕಿನ ಟ್ಯಾಪನ್ನು ಇಳಿಸಿ ಕೈಯಲ್ಲೇ ತಿರುಗಿಸಿದಳು. ಥ್ರೆಡ್ಡಿಗೆ ಕಚ್ಚಿದ್ದ ತುಕ್ಕು ಪುಡಿಯಾಗಿ ಮೇಲೆ ಬಂತು. ಪೈಪಿನಿಂದ ಗಾಳಿ ಬಿಟ್ಟಳು. ಕಡ್ಡಿಗೆ ಬಟ್ಟೆ ಸುತ್ತಿ ತಳ ಒರೆಸಿದಳು, ಬಟ್ಟೆ ಬೆಳ್ಳಗೆ ಬರುವವರೆಗೆ. ಆಮೇಲೆ ಮುಂದಿನ ಬಾಯಿ.

ಶೆಡ್ಡಿನ ಬಾಗಿಲಲ್ಲಿ ಅತ್ತೆ ಕೂತಿದ್ದಳು. ಚಿಕ್ಕ ಮಗ ಆ ದೋಣಿ ಮುಟ್ಟಿದ ದಿನದಿಂದ ಅವನೊಡನೆ ಮಾತು ಬಿಟ್ಟಿದ್ದಳು. ಅವನ ತಟ್ಟೆಗೆ ಬಡಿಸುವುದನ್ನೂ.

“ನಾನು ಹೇಳಿದ್ದು ನೆನಪಿದೆ ತಾನೆ?” ಸೊಸೆಯನ್ನು ಕೇಳಿದಳು.

“ಇದೆ ಅತ್ತೆ. ಮಾತು ಕೊಟ್ಟಿದ್ದೀನಲ್ಲ.”

“ಇವತ್ತೇ ಆಗಬೇಕು. ನಾಳೆ ಅಂದರೆ ಕೈ ಮೀರುತ್ತೆ.”

ಪಕ್ಕದಲ್ಲಿ ಸ್ಪ್ಯಾನರ್ ಹುಡುಕುತ್ತಿದ್ದ ಮೈದುನ ನಕ್ಕ. “ಏನತ್ತಿಗೆ, ಅತ್ತೆ ಸೊಸೆ ಸೇರಿ ಏನೋ ಮಸಲತ್ತು ನಡೆಸಿದ ಹಾಗಿದೆ?”

“ಅತ್ತೆ ಸೊಸೆ ಒಂದಾದರೆ ಗಂಡಸರು ಹೆದರಬೇಕು ಕಣೋ.” ಅವಳು ತಲೆ ಎತ್ತಲಿಲ್ಲ. “ನಾಳೆ ಹೋಗಲೇಬೇಕಾ?”

“ಎಷ್ಟು ಸಲ ಕೇಳ್ತೀರ? ಅಣ್ಣ ಮುಳುಗಿದ ತಿರುವಲ್ಲೇ ನಾನು ಗೆದ್ದು ಬರಬೇಕು. ಇಂಜಿನ್ ಎದ್ದರೆ ಯಾರು ಅಡ್ಡ ಬಂದರೂ ಹೋಗೋನೇ.”

“ಸರಿ. ಇನ್ನು ಕೇಳಲ್ಲ.”

ಅವನು ಬ್ಲಾಕಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ ತರಲು ಒಳಗೆ ಹೋದ. ಅವಳು ಎಣ್ಣೆ ಕ್ಯಾನಿನ ಮೂತಿಯನ್ನು ಹತ್ತನೆಯ ತೂತಿಗೆ ಬಾಗಿಸಿದಳು. ತಳ ಕಾಣದಷ್ಟು ಎಣ್ಣೆ ನಿಂತಿತು. ಅಂಚನ್ನು ಮಾತ್ರ ಬಟ್ಟೆಯಿಂದ ನೀಟಾಗಿ ಒರೆಸಿದಳು. ಅತ್ತೆ ಗೋಡೆಯತ್ತ ಮುಖ ತಿರುಗಿಸಿದಳು.

“ಎಲ್ಲ ಒಣಗಿದೆಯಾ ಅತ್ತಿಗೆ?”

“ನಿಮ್ಮಣ್ಣ ಕಲಿಸಿದ ಕೆಲಸ.”

ಅವನು ಬಗ್ಗಿ ನೋಡಲಿಲ್ಲ. ಹೆಡ್ ಕೂರಿಸಿದ. ಬೋಲ್ಟುಗಳನ್ನು ಒಂದೊಂದಾಗಿ ಬಿಗಿಯುತ್ತ ಬಂದ. ಹತ್ತನೆಯದು ಬೇಗನೆ ಗಟ್ಟಿಯಾಯಿತು. ಅವನ ಕೈ ನಿಂತಿತು.

“ಇನ್ನೂ ಚೂರು,” ಎಂದಳು ಅತ್ತಿಗೆ.

ಸ್ಪ್ಯಾನರಿನ ಮೇಲೆ ಮೈಭಾರ ಹಾಕಿದ.

ಟಪ್ ಎಂದಿತು. ಬೋಲ್ಟಿನಡಿ ಸಿಕ್ಕಿ, ಹೋಗಲು ದಾರಿಯಿಲ್ಲದ ಎಣ್ಣೆ ಕಬ್ಬಿಣವನ್ನೇ ಸೀಳಿತ್ತು. ಬ್ಲಾಕಿನ ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕು ಮೇಲಿನಿಂದ ಕೆಳಗೆ ಓಡಿತು. ಅದರ ಗುಂಟ ಎಣ್ಣೆ ಜಿನುಗಿತು. ಅವನು ಬಿರುಕನ್ನು ನೋಡಿದ, ಅವಳನ್ನು ನೋಡಿದ.

“ಅತ್ತಿಗೆ... ಏನ್ ಮಾಡಿದ್ರಿ?”

“ಇದು ಇನ್ನು ಏಳಲ್ಲ.” ಅವಳು ಅವನ ಕೈಯಿಂದ ಸ್ಪ್ಯಾನರ್ ತೆಗೆದು ಕೆಳಗಿಟ್ಟಳು. ರಾಕ್ಷಸ ಎದೆಯೊಡೆದುಕೊಳ್ಳುವುದು ನಡುನೀರಿನಲ್ಲಲ್ಲ, ಬೀಗ ಹಾಕುವಾಗಲೇ, ದಡದಲ್ಲೇ. ತೂತು ಒರೆಸಿದವರಿಗಷ್ಟೇ ಗೊತ್ತಿರುವ ಸಂಗತಿ ಅದು.

ಬಾಗಿಲಲ್ಲಿ ಅತ್ತೆ ಎದ್ದು ನಿಂತಳು. ಎಷ್ಟೋ ದಿನಗಳ ಮೇಲೆ ಮಗನ ಮುಖ ನೋಡಿದಳು. “ಕೈ ತೊಳ್ಕೊಂಡು ಬಾರೋ. ಊಟಕ್ಕೆ ಹಾಕ್ತೀನಿ.”

ಉಳಿದೊಬ್ಬ ಮಗನನ್ನಾದರೂ ನೀರಿಗಿಳಿಯಲು ಬಿಡಬೇಡ ಎಂದು ಅವಳು ಸೊಸೆಯಿಂದ ಪಡೆದಿದ್ದ ಮಾತು ಅಂತೂ ನಡೆದಿತ್ತು.